ಜೇಬಿಗೆ ಹಗುರ, ಕೈಗೆ ಹದ: ದಿನಬಳಕೆಯ ಮಡಿಚುವ ಚಾಕು ಆರಿಸುವ ಬಗೆ

ಪಂಚೆಯೊಳಗಿನ ಪಟಾಪಟಿ ಚಡ್ಡಿಯ ಜೇಬಿನಲ್ಲಿ ಎಲೆ-ಅಡಿಕೆ ಸಂಚಿ, ಸಂಚಿಯೊಳಗೊಂದು ಅಡಕತ್ತರಿ ಇಟ್ಟುಕೊಂಡೇ ಸಂತೆಗೆ ಹೊರಡುವ ಹಿರಿಯರು ದಾವಣಗೆರೆ ಕಡೆಯ ಹಳ್ಳಿಗಳಲ್ಲಿ ಇನ್ನೂ ಸಿಗುತ್ತಾರೆ. ಜೇಬಿನಲ್ಲಿ ಹರಿತವಾದದ್ದೊಂದು ಇರಬೇಕು ಅನ್ನುವುದು ನಮಗೆ ಹೊಸದಲ್ಲ. ಹೊಸದೇನಿದ್ದರೂ ಆನ್‌ಲೈನ್ ಅಂಗಡಿಯಲ್ಲಿ ಸಾಲುಗಟ್ಟಿ ಬರುವ ಚಿತ್ರಗಳು: ಮಸಿ ಕಪ್ಪು ಅಲಗು, ಗರಗಸದ ಹಲ್ಲು, ಹುಲಿಯುಗುರಿನ ಆಕಾರ, ಮೇಲೊಂದು ‘ಟ್ಯಾಕ್ಟಿಕಲ್’ ಎಂಬ ಹಣೆಪಟ್ಟಿ. ಅವುಗಳಲ್ಲಿ ಮುಕ್ಕಾಲು ಪಾಲು ದಿನದ ಕೆಲಸಕ್ಕೆ ಬರುವಂಥದ್ದಲ್ಲ.

ಕೊಳ್ಳುವಾಗ ಎಲ್ಲರೂ ಮೊದಲು ನೋಡುವುದು ಅಲಗನ್ನು. ನಾನು ತೂಕ ನೋಡಿ ಅನ್ನುತ್ತೇನೆ. ಭಾರದ ಚಾಕು ಒಂದೆರಡು ವಾರ ಜೇಬಿನಲ್ಲಿರುತ್ತದೆ, ಆಮೇಲೆ ಸ್ಕೂಟರಿನ ಡಿಕ್ಕಿಗೆ ಇಳಿಯುತ್ತದೆ, ಅಲ್ಲಿಂದ ಮನೆಯ ಸ್ಪ್ಯಾನರ್ ಡಬ್ಬಿ ಸೇರುತ್ತದೆ. ಉಕ್ಕು ಎಷ್ಟೇ ಚೆನ್ನಾಗಿದ್ದರೂ ಡಬ್ಬಿಯಲ್ಲಿರುವ ಚಾಕುವಿನಿಂದ ಏನು ಉಪಯೋಗ?

ಮೊದಲು ಕೆಲಸದ ಪಟ್ಟಿ

ಅಂಗಡಿಗೆ ಹೋಗುವ ಮುಂಚೆ ಒಂದು ವಾರ ನಿಮ್ಮ ಕೈಯನ್ನೇ ಗಮನಿಸಿ. ಯಾವುದನ್ನು ಹಲ್ಲಿನಿಂದ ಹರಿದಿರಿ, ಯಾವುದಕ್ಕೆ ಬೈಕಿನ ಕೀಲಿ ಹಾಕಿ ಎಳೆದಿರಿ, ಯಾವುದಕ್ಕೆ ಅಡುಗೆಮನೆಗೆ ಓಡಿದಿರಿ, ಅಷ್ಟನ್ನು ಬರೆದಿಟ್ಟುಕೊಳ್ಳಿ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಕೂತು ಕೆಲಸ ಮಾಡುವವರ ಪಟ್ಟಿಯಲ್ಲಿ ಕೊರಿಯರ್ ಡಬ್ಬದ ಟೇಪು, ಹೊಸ ಅಂಗಿಯ ಪ್ಲಾಸ್ಟಿಕ್ ದಾರ, ಮಧ್ಯಾಹ್ನದ ಸೌತೆಕಾಯಿ ಇರಬಹುದು. ಚನ್ನಗಿರಿ ಕಡೆಯ ತೋಟದವರದು ಬೇರೆ: ಡ್ರಿಪ್ ಪೈಪು, ನೈಲಾನ್ ಹಗ್ಗ, ಬಾಳೆನಾರು, ಬಿತ್ತನೆ ಬೀಜದ ಪೊಟ್ಟಣ, ಗೊಬ್ಬರದ ಚೀಲ.

ಗೊಬ್ಬರದ ಚೀಲವನ್ನೇ ತೆಗೆದುಕೊಳ್ಳಿ. ಬಾಯಿಗೆ ಹಾಕಿರುವುದು ಯಂತ್ರದ ಸರಪಳಿ ಹೊಲಿಗೆ. ಸರಿಯಾದ ತುದಿಯಲ್ಲಿ ದಾರ ಕತ್ತರಿಸಿ ಎಳೆದರೆ ಇಡೀ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ, ಚೀಲವೂ ಹರಿಯದೆ ಇನ್ನೊಂದು ಕೆಲಸಕ್ಕೆ ಉಳಿಯುತ್ತದೆ. ಒಂದು ತುದಿಯಿಂದ ಬರದಿದ್ದರೆ ಇನ್ನೊಂದು ತುದಿ ನೋಡಿ. ಇದಕ್ಕೆ ಬೇಕಾದದ್ದು ದಾರದಡಿ ನುಸುಳುವಷ್ಟು ತೆಳುವಾದ ಮೊನೆಯೊಂದೇ. ಬೆರಳುದ್ದದ ಅಲಗು ಧಾರಾಳವಾಯಿತು.

ಪಟ್ಟಿಯಲ್ಲಿ ತೆಂಗಿನಕಾಯಿ ಸುಲಿಯುವುದು, ಅಡಿಕೆ ಸುಲಿಯುವುದು, ಸೌದೆ ಸೀಳುವುದು ಬಂದಿದ್ದರೆ ಅದನ್ನು ಹೊಡೆದುಹಾಕಿ. ಅವಕ್ಕೆ ಬೇರೆ ಹತಾರಗಳಿವೆ, ಮಡಿಚುವ ಚಾಕುವಿನ ಕೀಲು ಆ ಪೆಟ್ಟು ತಾಳುವುದಿಲ್ಲ.

ತೂಕವನ್ನು ನಾಣ್ಯದಲ್ಲಿ ಅಳೆಯಿರಿ

ಎರಡು ಬಗೆಯ ಲೋಹ ಸೇರಿಸಿ ಮಾಡಿದ ಹತ್ತು ರೂಪಾಯಿಯ ಒಂದು ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ನಮ್ಮ ಅಂಗಡಿಯವರಲ್ಲಿ ಎಷ್ಟೋ ಮಂದಿ ‘ಇದು ನಡೆಯಂಗಿಲ್ಲ ತಗೀರಿ’ ಎಂದು ತಳ್ಳುವ ಈ ನಾಣ್ಯ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಹತ್ತು ನಾಣ್ಯಗಳನ್ನು ಸಣ್ಣ ಕವರಿನಲ್ಲಿ ಬಿಗಿಯಾಗಿ ಸುತ್ತಿ, ಚಾಕು ಇಡಬೇಕೆಂದಿರುವ ಜೇಬಿನಲ್ಲೇ ಇಟ್ಟು ಒಂದು ದಿನ ಓಡಾಡಿ. ಬೈಕ್ ಹತ್ತಿ, ಹೋಟೆಲಿನ ಬೆಂಚಿನ ಮೇಲೆ ಕೂತು ಬೆಣ್ಣೆದೋಸೆ ತಿನ್ನಿ, ಸಾಧ್ಯವಾದರೆ ಚಿತ್ರದುರ್ಗದ ಕೋಟೆಯ ಮೆಟ್ಟಿಲೂ ಹತ್ತಿ ನೋಡಿ. ಅದು ಸುಮಾರು 77 ಗ್ರಾಂ. ತೊಡೆಗೆ ಬಡಿಯಿತು, ಜೇಬು ಜೋಲಿತು ಅನ್ನಿಸಿದರೆ ಒಂದೊಂದೇ ನಾಣ್ಯ ಕಡಿಮೆ ಮಾಡುತ್ತ ಬನ್ನಿ. ಇದೆ ಅನ್ನುವುದೇ ಮರೆತುಹೋದ ತೂಕ ಯಾವುದೋ ಅದೇ ನಿಮ್ಮ ಮಿತಿ.

ಈ ಲೆಕ್ಕದಲ್ಲಿ ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಕ್ಲಾಸಿಕ್ ಚಾಕು ಮೂರು ನಾಣ್ಯದಷ್ಟೂ ಇಲ್ಲ. ಮಡಿಚಿದಾಗ 58 ಮಿಲಿಮೀಟರ್, ಕೀಲಿಗೊಂಚಲಿಗೆ ಸಿಕ್ಕಿಸಬಹುದು, ಪುಟ್ಟ ಕತ್ತರಿಯೂ ಇದೆ. ಅದೇ ಕಂಪನಿಯ 91 ಮಿಲಿಮೀಟರಿನ ಸ್ಪಾರ್ಟನ್ ಸುಮಾರು ಎಂಟು ನಾಣ್ಯ. ಫ್ರಾನ್ಸಿನ ಓಪಿನೆಲ್ 8ನೇ ನಂಬರು 8.5 ಸೆಂಟಿಮೀಟರ್ ಅಲಗಿದ್ದರೂ ಆರೇಳು ನಾಣ್ಯದೊಳಗೆ ಮುಗಿಯುತ್ತದೆ, ಏಕೆಂದರೆ ಅದರ ಹಿಡಿ ಬರೀ ಬೀಚ್ ಮರ. ತೂಕ ಏರುವುದು ಅಲಗಿನಿಂದಲ್ಲ, ಹಿಡಿಯೊಳಗಿನ ಉಕ್ಕಿನ ತಗಡುಗಳಿಂದ. ಹಿಡಿ ಪೂರ್ತಿ ಸ್ಟೀಲಿನದಾದರೆ ಅಂಗೈಯಷ್ಟು ಚಾಕುವೂ 120 ಗ್ರಾಂ ದಾಟಬಹುದು. ಗಾಜಿನ ನಾರು ಬೆರೆಸಿದ ನೈಲಾನ್, ಅಲ್ಯೂಮಿನಿಯಂ, ಮರ ಇವು ಹಗುರ. ನೂರು ಗ್ರಾಂ ಮೀರಿದ್ದನ್ನು ದಿನಬಳಕೆಗೆ ನಾನಂತೂ ಹೇಳುವುದಿಲ್ಲ.

ಅಲಗಿನ ಉದ್ದ, ಕಾನೂನು

ಅಲಗು 6ರಿಂದ 7 ಸೆಂಟಿಮೀಟರ್ ಇದ್ದರೆ ಮಾವಿನಹಣ್ಣು ಹೋಳು ಮಾಡುವುದರಿಂದ ಹಗ್ಗ ಕತ್ತರಿಸುವವರೆಗೆ ಎಲ್ಲಕ್ಕೂ ಸಾಕು. ಇನ್ನೊಂದು ಲಾಭವೂ ಇದೆ. ಬಸ್ಸಿನಲ್ಲಿ ಪಕ್ಕದವರೆದುರು ಸೌತೆಕಾಯಿ ಹೆಚ್ಚಲು ತೆಗೆದರೆ ಅವರು ಸರಿದು ಕೂರುವುದಿಲ್ಲ.

2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಚಾಕು, ಕತ್ತಿಗಳನ್ನು ಆಯುಧವೆಂದು ಎಣಿಸುತ್ತದೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆಂದು ಮಾಡಿದವುಗಳನ್ನು ಹೊರಗಿಡುತ್ತದೆ. ಮೂರು ಇಂಚಿನ ಚಾಕು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಎಲ್ಲ ಕಡೆ, ಎಲ್ಲ ದಿನ ಒಯ್ಯಬಹುದು ಅಂತಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಮಿನಡಿ ಜಿಲ್ಲಾ ಮ್ಯಾಜಿಸ್ಟ್ರೇಟರು ಚಾಕು, ದೊಣ್ಣೆ ಹಿಡಿದು ತಿರುಗುವುದನ್ನು ನಿಗದಿತ ದಿನಗಳಿಗೆ ನಿಷೇಧಿಸಬಹುದು. ಮೊದಲು 144 ಎನ್ನುತ್ತಿದ್ದ ನಿಷೇಧಾಜ್ಞೆ 2024ರ ಜುಲೈನಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು. ಗಣೇಶ ವಿಸರ್ಜನೆಯ ದೊಡ್ಡ ಮೆರವಣಿಗೆ, ಚುನಾವಣೆ, ಊರಿನಲ್ಲಿ ಏನಾದರೂ ಬಿಗುವು ಇದ್ದ ದಿನ ಚಾಕು ಮನೆಯಲ್ಲೇ ಇರಲಿ. ಕೋರ್ಟು, ಕಾಲೇಜು, ಪರೀಕ್ಷಾ ಕೇಂದ್ರ, ಬೆಂಗಳೂರಿನ ಮೆಟ್ರೊ ಇವಕ್ಕೂ ಬೇಡ. ಶಿವಮೊಗ್ಗದಿಂದಲೋ ಹುಬ್ಬಳ್ಳಿಯಿಂದಲೋ ವಿಮಾನ ಹತ್ತುವವರು ಚೆಕ್-ಇನ್ ಲಗೇಜಿಗೆ ಹಾಕಬೇಕು. ಕೈಚೀಲದಲ್ಲಿ ಸಿಕ್ಕರೆ ಅಲ್ಲೇ ಬಿಟ್ಟು ಹೋಗಬೇಕಾಗುತ್ತದೆ, ಕೀಲಿಗೊಂಚಲಿನ ಪುಟ್ಟದಾದರೂ ಅಷ್ಟೆ.

ಗುಂಡಿ ಒತ್ತಿದರೆ ಚಟಕ್ಕನೆ ಹಾರಿ ತೆರೆಯುವ ಬಟನ್ ಚಾಕುವಿನ ಕಡೆ ತಲೆ ಹಾಕಬೇಡಿ. ಹಳೆಯ ಸಿನಿಮಾ ಖಳರ ಕೈಯಲ್ಲಿ ರಾಂಪುರಿ ನೋಡಿ ಬೆಳೆದ ನಾಡು ನಮ್ಮದು, ಆ ಸದ್ದಿಗೇ ಜನ ಬೆಚ್ಚುತ್ತಾರೆ. ರಾತ್ರಿ ಗಸ್ತಿನ ಪೊಲೀಸರಿಗೆ ಹಣ್ಣು ಹೆಚ್ಚಲು ಎಂದರೆ ನಂಬುವುದಿಲ್ಲ. ಆತ್ಮರಕ್ಷಣೆಗೆ ಎಂದು ಕೊಳ್ಳುವವರಿಗೆ ಈ ಬರಹ ಉಪಯೋಗಕ್ಕೆ ಬಾರದು. ಜಗಳದಲ್ಲಿ ಚಾಕು ತೆಗೆದವರು ಕೇಸು ಹಾಕಿಸಿಕೊಳ್ಳುತ್ತಾರೆ, ಇಲ್ಲವೆ ತಮ್ಮ ಚಾಕುವಿನಿಂದಲೇ ಗಾಯ ಮಾಡಿಸಿಕೊಳ್ಳುತ್ತಾರೆ.

ಲಾಕು: ಬೆರಳು ಉಳಿಸುವ ವಿಷಯ

ಇದೊಂದನ್ನು ಅವಸರದಲ್ಲಿ ಓದಬೇಡಿ. ಮಡಿಚುವ ಚಾಕುವಿನಿಂದ ಆಗುವ ಕೆಟ್ಟ ಗಾಯವೆಂದರೆ ಕೆಲಸದ ನಡುವೆ ಅಲಗು ಬೆರಳ ಮೇಲೆ ಮಡಿಚಿಕೊಳ್ಳುವುದು.

ಲಾಕೇ ಇಲ್ಲದವು ಒಂದು ಬಗೆ. ಬೆನ್ನಿನ ಸ್ಪ್ರಿಂಗ್ ಪಟ್ಟಿ ಅಲಗನ್ನು ಅದುಮಿ ಹಿಡಿದಿರುತ್ತದೆ, ಹಿಮ್ಮುಖವಾಗಿ ಬಲ ಬಿದ್ದರೆ ಮಡಿಚಿಕೊಳ್ಳುತ್ತದೆ. ಸ್ಪಾರ್ಟನ್, ಕ್ಲಾಸಿಕ್ ಈ ಜಾತಿ. ಹಣ್ಣು, ಟೇಪು, ದಾರಕ್ಕೆ ಇಷ್ಟು ಸಾಕು, ಏಕೆಂದರೆ ಅಲ್ಲಿ ಬಲವೆಲ್ಲ ಬಾಯಿಯ ಕಡೆಗೇ ಬೀಳುತ್ತದೆ. ಮೊನೆಯಿಂದ ಚುಚ್ಚುವ ಕೆಲಸವಿದ್ದರೆ, ಉದಾಹರಣೆಗೆ ರಬ್ಬರ್ ಹಾಳೆಗೋ ಪ್ಲಾಸ್ಟಿಕ್ ಡ್ರಮ್ಮಿಗೋ ತೂತು ಹಾಕುವಾಗ, ಇವು ಅಪಾಯ.

ಲೈನರ್ ಲಾಕ್ ಎಂಬುದು ಅಗ್ಗದ ಚಾಕುಗಳಲ್ಲಿ ಹೆಚ್ಚು ಕಾಣುವಂಥದ್ದು. ಹಿಡಿಯೊಳಗಿನ ತಗಡು ಪಕ್ಕಕ್ಕೆ ಜಿಗಿದು ಅಲಗಿನ ಬುಡಕ್ಕೆ ಒತ್ತಿ ನಿಲ್ಲುತ್ತದೆ. ಚೆನ್ನಾಗಿ ಮಾಡಿದ್ದರೆ ಗಟ್ಟಿ. ಆದರೆ ಬಿಡಿಸುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ, ತಗಡು ಬಲಗೈಯವರಿಗೆಂದೇ ಇರುತ್ತದೆ. ಎಡಚರು ನೀವಾದರೆ ಬ್ಯಾಕ್ ಲಾಕ್ ನೋಡಿ: ಹಿಡಿಯ ಬೆನ್ನಿನಲ್ಲಿರುವ ಪಟ್ಟಿಯನ್ನು ಒತ್ತಿದರೆ ಬಿಡುತ್ತದೆ, ಎರಡೂ ಕೈಗೆ ಒಂದೇ. ಒಂದೇ ತೊಂದರೆ, ಲಾಕು ಕೂರುವ ಕಚ್ಚಿನಲ್ಲಿ ಮಣ್ಣು ತುಂಬಿದರೆ ಅದು ಪೂರ್ತಿ ಕೂರದೆ ಮೋಸ ಮಾಡುತ್ತದೆ. ಹಿರಿಯೂರು, ಚಳ್ಳಕೆರೆ ಕಡೆಯ ಬಿಸಿಲುಗಾಲದ ಧೂಳಿನಲ್ಲಿ ಓಡಾಡುವವರು ಆ ಕಚ್ಚನ್ನು ಹಲ್ಲುಕಡ್ಡಿಯಿಂದ ಆಗಾಗ ಕೆದಕಬೇಕು.

ನನಗೆ ಇಷ್ಟವಾದದ್ದು ಓಪಿನೆಲ್‌ನ ಉಂಗುರ. 1955ರಿಂದ ಬಂದದ್ದು, ಹೆಸರು ವಿರೋಬ್ಲಾಕ್. ಅಲಗಿನ ಬುಡದಲ್ಲಿರುವ ಲೋಹದ ಉಂಗುರ ತಿರುಗಿಸಿದರೆ ಬಿಗಿ, ಮರಳಿ ತಿರುಗಿಸಿದರೆ ಸಡಿಲ. ಅದರಲ್ಲಿ ಕೆಡುವುದೇನೂ ಇಲ್ಲ, ಆದರೆ ತಾನಾಗಿಯೇ ಲಾಕ್ ಆಗುವುದಿಲ್ಲ. ತೆರೆದ ಮೇಲೆ ಉಂಗುರ ತಿರುಗಿಸಲು ಮರೆಯಬಾರದು. ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಹಿಡಿಯಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಒಣಗಲು ಬಿಟ್ಟರೆ ಸರಿಹೋಗುತ್ತದೆ.

ಉಕ್ಕು ಮತ್ತು ನಮ್ಮ ಊರಿನ ರಸಗಳು

ಅಂತರ್ಜಾಲದಲ್ಲಿ ಚಾಕು ಹುಚ್ಚಿನವರು ಉಕ್ಕಿನ ಬಗ್ಗೆ ರಾತ್ರಿಯಿಡೀ ವಾದಿಸುತ್ತಾರೆ. ನಮಗೆ ಬೇಕಾದ ಪ್ರಶ್ನೆ ಒಂದೇ: ತುಕ್ಕು ಹಿಡಿಯುವುದೋ ಇಲ್ಲವೋ?

ಕಾರ್ಬನ್ ಉಕ್ಕು ಬಲುಬೇಗ ಹರಿತಕ್ಕೆ ಬರುತ್ತದೆ, ಆದರೆ ಹುಳಿ ಕಂಡರೆ ಆಗದು. ನಿಂಬೆ, ಹುಣಸೆ, ಮಾವಿನ ಸೊನೆ ತಗುಲಿ ಒರೆಸದೆ ಬಿಟ್ಟರೆ ಅರ್ಧ ಗಂಟೆಯಲ್ಲಿ ಬಣ್ಣ ಬದಲಾಗುತ್ತದೆ. ಹಸಿ ಅಡಿಕೆ ಸೀಳಿದರೆ ಇನ್ನೊಂದು ಆಟ: ಅಡಿಕೆಯ ಚೊಗರು, ಅಂದರೆ ಟ್ಯಾನಿನ್, ಕಬ್ಬಿಣದ ಜತೆ ಕೂಡಿ ಅಲಗಿನ ಮೇಲೂ ಹೋಳಿನ ಮೇಲೂ ಮಸಿಯಂತೆ ಕಪ್ಪು ಬಿಡುತ್ತದೆ. ಬಾಳೆದಿಂಡು ಹೆಚ್ಚಿದರೂ ಹಾಗೇ. ಅಡಕತ್ತರಿ ಯಾವಾಗಲೂ ಕಪ್ಪಗಿರುವುದು ಕೊಳೆಯಿಂದಲ್ಲ. ಆ ಕಪ್ಪು ಅಪಾಯವೇನಲ್ಲ, ಆದರೆ ಹಣ್ಣಿಗೆ ಲೋಹದ ರುಚಿ ಬರುತ್ತದೆ. ಹಾಗಾಗಿ ಜೇಬಿನ ಚಾಕು ಸ್ಟೇನ್‌ಲೆಸ್ ಇರಲಿ. ಬೆವರೂ ಉಪ್ಪು ನೀರೇ ಅಲ್ಲವೆ. ಏಪ್ರಿಲ್, ಮೇ ತಿಂಗಳ ದಾವಣಗೆರೆಯಲ್ಲಿ ಅಂಗಿಯ ಜೇಬು ಒದ್ದೆಯಾಗಿರದ ಹೊತ್ತು ಯಾವುದು?

ವಿಕ್ಟೋರಿನಾಕ್ಸ್ ಬಳಸುವ ಉಕ್ಕು ಗಡಸುತನ ಅಳೆಯುವ ರಾಕ್‌ವೆಲ್ ಮಾಪನದಲ್ಲಿ ಸುಮಾರು 56. ಅಷ್ಟೇನೂ ಗಡುಸಲ್ಲ, ಬೇಗ ಮೊಂಡಾಗುತ್ತದೆ, ಆದರೆ ಮನೆಯಲ್ಲೇ ಐದು ನಿಮಿಷದಲ್ಲಿ ಹರಿತ ಮಾಡಬಹುದು. ಓಪಿನೆಲ್‌ನ ಸ್ಟೇನ್‌ಲೆಸ್ ಸ್ವೀಡನ್ನಿನ 12ಸಿ27, ಅದಕ್ಕಿಂತ ಒಂದು ಹಿಡಿ ಮೇಲು. ಚೀನಾದ ಚಾಕುಗಳಲ್ಲಿ ಕಾಣುವ 8ಸಿಆರ್13 ಬಗೆಯ ಉಕ್ಕೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಡಿ2 ಎಂಬ ಉಕ್ಕು ಬಹುಕಾಲ ಹರಿತ ಉಳಿಸಿಕೊಳ್ಳುತ್ತದೆ, ಆದರೆ ಪೂರ್ತಿ ಸ್ಟೇನ್‌ಲೆಸ್ ಅಲ್ಲ, ಸಾಣೆಗೂ ಹಟಮಾರಿ. ಬರೀ ‘440’ ಎಂದು ಬರೆದಿದ್ದರೆ ಅದು ಎ, ಬಿ, ಸಿ ಮೂರರಲ್ಲಿ ಯಾವುದೂ ಆಗಿರಬಹುದು, ಒಳ್ಳೆಯದು ಸಿ. ಐನೂರು ರೂಪಾಯಿಗೆ ‘ಡಮಾಸ್ಕಸ್’ ಎಂದು ಅಲೆಯಲೆಯ ಚಿತ್ತಾರ ತೋರಿಸಿದರೆ ಅದು ಹೆಚ್ಚಾಗಿ ಮೇಲೆ ಲೇಸರಿನಲ್ಲಿ ಮೂಡಿಸಿದ ಚಿತ್ತಾರವಷ್ಟೆ, ಬಳಸುತ್ತ ಹೋದಂತೆ ಮಾಸಬಹುದು.

ಉಕ್ಕಿನ ಹೆಸರಿಗಿಂತ ಅಲಗಿನ ದಪ್ಪ ಮುಖ್ಯ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ. ಬೆನ್ನು 2 ಮಿಲಿಮೀಟರಿನ ಸುಮಾರಿಗಿದ್ದರೆ ಈರುಳ್ಳಿ ಹೋಳಾಗುತ್ತದೆ, ಮೂರೂವರೆಯಾದರೆ ಸೀಳಿ ಒಡೆಯುತ್ತದೆ. ಗರಗಸದ ಬಾಯಿ ನೈಲಾನ್ ಹಗ್ಗಕ್ಕೆ ಒಳ್ಳೆಯದೇ, ಆದರೆ ಮೊಂಡಾದ ಮೇಲೆ ಅದನ್ನು ಸರಿಮಾಡಿಕೊಡುವವರು ನಮ್ಮೂರಲ್ಲಿ ಸಿಗುವುದು ಕಷ್ಟ. ನೇರ ಬಾಯಿಯನ್ನೇ ಆರಿಸಿ.

ಕೈಗೆ ತೆಗೆದುಕೊಂಡು ನೋಡುವಾಗ

ಅಂಗಡಿಯಲ್ಲಾಗಲಿ, ಆನ್‌ಲೈನಿನಲ್ಲಿ ತರಿಸಿ ವಾಪಸು ಕೊಡುವ ಗಡುವಿನೊಳಗಾಗಲಿ, ಈ ಕ್ರಮದಲ್ಲಿ ನೋಡಿ.

ಮಡಿಚಿದ ಚಾಕುವನ್ನು ಬಾಯಿಯ ಕಡೆಯಿಂದ ದಿಟ್ಟಿಸಿ. ಅಲಗು ಎರಡು ಪಕ್ಕೆಗಳ ನಟ್ಟನಡುವೆ ಇರಬೇಕು. ಒಂದು ಕಡೆ ಉಜ್ಜುತ್ತಿದ್ದರೆ ಕೀಲು ಸೊಟ್ಟ. ಮಡಿಚಿದ್ದನ್ನೇ ಮೊನೆ ಕೆಳಗೆ ತೆರೆದುಕೊಳ್ಳುವಂತೆ ಹಿಡಿದು ನಿಧಾನವಾಗಿ ಅಲ್ಲಾಡಿಸಿ. ತಾನಾಗಿ ತೆರೆಯುವ ಚಾಕು ಜೇಬಿಗೆ ತಕ್ಕದ್ದಲ್ಲ, ಇಲ್ಲಿಗೇ ವಾಪಸು.

ತೆರೆಯಿರಿ. ಲೈನರ್ ಲಾಕ್ ಆದರೆ ಅಲಗಿನ ಬುಡದ ಅಗಲದಲ್ಲಿ ತಗಡು ಎಷ್ಟು ದೂರ ಬಂದು ನಿಂತಿದೆ ನೋಡಿ. ಮೂರನೇ ಒಂದರಿಂದ ಅರ್ಧದವರೆಗೆ ಸರಿ. ಅಂಚಿಗಷ್ಟೇ ತಾಗಿದ್ದರೆ ಜಾರುತ್ತದೆ, ಆಚೆಯ ತುದಿ ಮುಟ್ಟಿದ್ದರೆ ಆಗಲೇ ಸವೆದಂತೆ. ಈಗ ಅಲಗಿನ ಬೆನ್ನನ್ನು ಮಡಿಚಿದ ಟವೆಲಿನ ಮೇಲಿಟ್ಟು, ಬೆರಳುಗಳು ಅಲಗಿನ ದಾರಿಗೆ ಬಾರದಂತೆ ಹಿಡಿಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಲಾಕು ಬಿಟ್ಟರೆ ಚಾಕು ಬೇಡ. ಕಲ್ಲಿಗೆ ಬಡಿದು ಪರೀಕ್ಷಿಸುವ ವಿಡಿಯೊಗಳನ್ನು ನಂಬಬೇಡಿ, ಹಾಗೆ ಬಡಿದರೆ ಒಳ್ಳೆಯ ಲಾಕೂ ಕೆಡುತ್ತದೆ.

ಅಲಗನ್ನು ಎಡಬಲಕ್ಕೆ ಅಲ್ಲಾಡಿಸಿ. ಕೊಂಚ ಆಡಿದರೆ ಸ್ಕ್ರೂ ಬಿಗಿ ಮಾಡಿ ನೋಡಿ. ಮೊಳೆ ಜಡಿದು ಮುಚ್ಚಿದ ಕೀಲಾದರೆ ಆ ದಾರಿ ಇಲ್ಲ. ಕಿಟಕಿಯ ಬೆಳಕಿಗೆ ಬಾಯಿ ಮೇಲೆ ಮಾಡಿ ಹಿಡಿಯಿರಿ. ಹರಿತವಾದ ಬಾಯಿ ಕಣ್ಣಿಗೆ ಕಾಣುವುದಿಲ್ಲ. ಅಲ್ಲಲ್ಲಿ ಮಿಣುಕು ಚುಕ್ಕೆ ಕಂಡರೆ ಅಲ್ಲಿ ಮೊಂಡು ಅಥವಾ ಮುಕ್ಕು.

ಕೊನೆಗೆ ಹಿಡಿ. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ನುಣುಪು ಅಲ್ಯೂಮಿನಿಯಂ ಎಷ್ಟು ಜಾರುತ್ತದೆ ಗೊತ್ತಾಗುತ್ತದೆ. ಜೇಬಿನ ಕ್ಲಿಪ್ಪು ಪ್ಯಾಂಟಿನವರಿಗೆ ಅನುಕೂಲ, ಆದರೆ ಬೈಕಿನ ಸೀಟನ್ನೂ ಬಸ್ಸಿನ ರೆಕ್ಸಿನ್ನನ್ನೂ ಗೀರುತ್ತದೆ. ಪಂಚೆ ಉಡುವವರು ಕ್ಲಿಪ್ಪು ಬಿಚ್ಚಿ ಹಾಕಿ, ಸಂಚಿಯಲ್ಲೇ ಇಡಿ.

ಸಾಣೆ, ಎಣ್ಣೆ, ಆಯುಧಪೂಜೆ

ಓಣಿಯಲ್ಲಿ ಸೈಕಲ್ ತುಳಿದು ಚಕ್ರ ತಿರುಗಿಸುತ್ತ ಬರುವ ಸಾಣೆಯವರಿಗೆ ಈಳಿಗೆ, ಕುಡುಗೋಲು ಕೊಡಿ, ಈ ಚಾಕು ಬೇಡ. ಕಿಡಿ ಹಾರುವಷ್ಟು ವೇಗದಲ್ಲಿ ತೆಳು ಅಲಗು ಕಾದು ಹದ ಕಳೆದುಕೊಳ್ಳುತ್ತದೆ, ಅರ್ಧ ಮಿಲಿಮೀಟರ್ ಉಕ್ಕೂ ಹೋಗುತ್ತದೆ. ಮನೆಯ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ. ಬುಡದಲ್ಲಿ ಮೆರುಗು ಹಚ್ಚದ ಒರಟು ಉಂಗುರವಿದೆಯಲ್ಲ, ಅದೇ ಸಾಣೆಕಲ್ಲು. ಬೆನ್ನನ್ನು ಕೊಂಚ ಎತ್ತಿ, 15ರಿಂದ 20 ಡಿಗ್ರಿ ಓರೆಯಲ್ಲಿ, ಉಂಗುರದ ಮೇಲಿನ ತೆಳು ಪದರ ಹೆರೆಯುವವರಂತೆ ಎಳೆಯಿರಿ. ಎರಡೂ ಪಕ್ಕ ಹತ್ತತ್ತು ಸಲ, ಒತ್ತಡ ಕಮ್ಮಿ ಮಾಡುತ್ತ. ಆಮೇಲೆ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಹಿಮ್ಮುಖವಾಗಿ ನಾಲ್ಕು ಸಲ ಸವರಿ. ಪತ್ರಿಕೆಯ ಹಾಳೆ ತಡೆಯದೆ ಸೀಳಿದರೆ ಸಾಕು. ಪೂರಾ ಮೊಂಡಾದರೆ ಮಾತ್ರ 400 ಮತ್ತು 1000 ನಂಬರಿನ ಎರಡು ಮುಖದ ಕಲ್ಲು ಬೇಕು.

ಡಬ್ಬದ ಮುಚ್ಚಳ ಮೀಟಲು ಮೊನೆ ಬಳಸಬೇಡಿ, ಹೆಚ್ಚಿನ ಚಾಕುಗಳ ಮೂಗು ಮುರಿಯುವುದು ಪೇಂಟಿನ ಡಬ್ಬದ ಮೇಲೆ. ಕೈ ಕೊಯ್ದುಕೊಂಡರೆ ಶುದ್ಧ ಬಟ್ಟೆಯಿಂದ ಅದುಮಿ ಹಿಡಿಯಿರಿ. ಗಾಯ ಆಳವಿದ್ದರೆ ಅಥವಾ ಧನುರ್ವಾಯುವಿನ ಚುಚ್ಚುಮದ್ದು ತೆಗೆದುಕೊಂಡು ವರ್ಷಗಳಾಗಿದ್ದರೆ ಆಸ್ಪತ್ರೆಗೆ ಹೋಗಿ.

ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಹೆಚ್ಚಾದದ್ದನ್ನು ಒರೆಸಿ. ಎಣ್ಣೆ ಹೆಚ್ಚಾದಷ್ಟೂ ಧೂಳು ಅಂಟಿ ಕೀಲು ಸವೆಯುತ್ತದೆ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಚಳ್ಳಕೆರೆಯ ಶೇಂಗಾ ಎಣ್ಣೆ ಎಷ್ಟೇ ಘಮಘಮಿಸಿದರೂ ನಾಲ್ಕು ತಿಂಗಳಲ್ಲಿ ಕಮಟಾಗಿ ಅಂಟುತ್ತದೆ. ಅದು ಮಂಡಕ್ಕಿ ಒಗ್ಗರಣೆಗೇ ಇರಲಿ. ಹಣ್ಣು ಹೆಚ್ಚುವ ಮುನ್ನ ಅಲಗನ್ನು ಸೋಪು ನೀರಿನಲ್ಲಿ ತೊಳೆಯಿರಿ. ತಿಂಗಳಿಗೊಮ್ಮೆ ಹಿಡಿಯೊಳಗಿನ ನೂಲುಕಸವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ.

ಆಯುಧಪೂಜೆಗೆ ಚಾಕುವನ್ನೂ ಇಡುವವರು ವಿಭೂತಿ, ಕುಂಕುಮವನ್ನು ಹಿಡಿಗೆ ಹಚ್ಚಿ, ಕೀಲಿನ ಸಂದಿಗೆ ಬೇಡ. ಆ ಪುಡಿ ಒಳಹೊಕ್ಕರೆ ತೆರೆದಾಗಲೆಲ್ಲ ಕರಕರ ಅನ್ನುತ್ತದೆ. ಸ್ಕೂಟರಿನ ಚಕ್ರದಡಿ ಇಡುವ ನಿಂಬೆಹಣ್ಣನ್ನು ಅದೇ ಚಾಕುವಿನಿಂದ ಕೊಯ್ದರೆ, ಮಂಗಳಾರತಿ ಆದ ಕೂಡಲೇ ತೊಳೆದು, ತೆರೆದಿಟ್ಟು ಒಣಗಿಸಿ, ಆಮೇಲೆ ಮಡಿಚಿ.